ಎಡಗೈಯ ಗಂಟು

ಹೊನ್ನಾವರ
೯ ಡಿಸೆಂಬರ್ ೨೦೨೪

ಅತ್ತೆಯವರಿಗೆ,

ನಾವೆಲ್ಲ ಕ್ಷೇಮ ಎಂದು ಶುರು ಮಾಡಿದರೆ ನಾಟಕವಾಗುತ್ತದೆ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಮೂರು ವಾರ ಮಗಳ ಮನೆಯಲ್ಲಿದ್ದು, ಕಣ್ಣಿನ ಪೊರೆಯ ಆಪರೇಷನ್ ಮುಗಿಸಿಕೊಂಡು, ಡಿಸೆಂಬರ್ ಒಂದರಂದು ನೀವು ಭಟ್ಕಳದಿಂದ ಬಂದಿರಿ. ನಿಮ್ಮ ಕೋಣೆಯ ಬಾಗಿಲಲ್ಲಿ ಎರಡು ನಿಮಿಷ ನಿಂತಿರಿ. ಆಮೇಲೆ ಒಂದು ಲೋಟ ನೀರನ್ನೂ ಕುಡಿಯದೆ ಅದೇ ರಿಕ್ಷಾ ಹತ್ತಿ ವಾಪಸು ಹೋದಿರಿ. ನಾನು ಒಲೆಯ ಮೇಲೆ ಚಹಾ ಇಟ್ಟಿದ್ದೆ. ಎದುರು ಮನೆಯವರು ಗೇಟಿಗೆ ಬಂದು ನಿಂತು ನೋಡಿದರು. ಅಂದಿನಿಂದ ಗಣಪಿ ಅತ್ತಿಗೆ ದಿನಕ್ಕೆರಡು ಸಲ ನಿಮ್ಮ ಮಗನಿಗೆ ಫೋನ್ ಮಾಡಿ, "ನಿನ್ನ ಹೆಂಡ್ತಿ ಅವ್ವಿನ ಹೊರಗೆ ಹಾಕ್ಬಿಟ್ಲು" ಎನ್ನುತ್ತಿದ್ದಾರೆ. ನಿಮಗೆ ಫೋನಿನಲ್ಲಿ ಕೇಳಿಸುವುದಿಲ್ಲ. ಅದಕ್ಕೆ ಕಾಗದ. ಇದನ್ನು ಓದಿ ಹೇಳುವವರು ಅತ್ತಿಗೆಯೇ ಎಂದು ಗೊತ್ತು. ನಡುವೆ ಬಿಡದೆ ಪೂರ್ತಿ ಓದಲಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ.

ನಾನು ನಿಮ್ಮನ್ನು ಹೊರಗೆ ಹಾಕಲಿಲ್ಲ. ಮನೆ ಚೊಕ್ಕ ಮಾಡಿದೆ. ಆರು ತಿಂಗಳಿಂದ ನನ್ನ ತಲೆನೋವು ಹೇಗಿತ್ತು ಎಂದು ನೀವೇ ನೋಡಿದ್ದೀರಿ. ಡಾಕ್ಟರು ಏನೂ ಇಲ್ಲ ಎಂದರು. ನಮ್ಮ ಶಾಲೆಯ ಇನ್ನೊಬ್ಬ ಟೀಚರ್ ಹೇಳಿದರೆಂದು ಆನ್‌ಲೈನಿನಲ್ಲಿ ಒಂದು ತರಬೇತಿಗೆ ಸೇರಿದೆ. ಮನೆಯಲ್ಲಿ ಬೇಡದ ಸಾಮಾನು ಕಡಿಮೆಯಾದರೆ ಮನಸ್ಸಿನ ಗದ್ದಲವೂ ಕಡಿಮೆಯಾಗುತ್ತದೆ ಎಂದು ಅವರು ಕಲಿಸುತ್ತಾರೆ. ಪ್ರತಿಯೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಬೇಕು: ಇದು ಈಗ ಬೇಕೇ, ಇದನ್ನು ಮುಟ್ಟಿದರೆ ನೆಮ್ಮದಿಯಾಗುತ್ತದೆಯೇ? ಇಲ್ಲವಾದರೆ ಹೊರಗೆ. ಹಾಗೆ ನಲವತ್ತೊಂದು ಚೀಲ ಹೊರಗೆ ಹೋಯಿತು.

ನಿಮ್ಮ ಕೋಣೆಯಲ್ಲಿ ಏನೇನಿತ್ತು ಎಂದು ಬರೆಯುತ್ತೇನೆ, ನಾನು ಚಿನ್ನ ಎಸೆದೆನೆಂದು ಊರು ತಿಳಿಯಬಾರದು. ಖಾಲಿ ಎಣ್ಣೆಡಬ್ಬಿ ಹನ್ನೊಂದು. ತೊಳೆದು ಒಣಗಿಸಿದ ಹಾಲಿನ ಕವರು ಒಂದು ಗೋಣಿಚೀಲ ತುಂಬ. ಬಟ್ಟೆಯಿಲ್ಲದ ಕೊಡೆಯ ಕಡ್ಡಿಗಳು. ದೋಣಿಯ ತುಂಡಾದ ಒಂದು ಹುಟ್ಟು. ಒಣಮೀನಿನ ಡಬ್ಬಿ ಮೂರು, ಮುಚ್ಚಳ ಸರಿ ಕೂರದವು. ಹರಿದ ಬಲೆ ಒಂದು. ಮಾವನವರ ರೇನ್‌ಕೋಟು, ಅದರ ತೋಳಿನೊಳಗೆ ಇಲಿ ಮರಿ ಹಾಕಿತ್ತು. ಐದು ಮರಿ. ಅವನ್ನು ನಾನೇ ಕೈಯಾರೆ ತೆಗೆದೆ.

ಸೀರೆ, ದೇವರ ಫೋಟೋ, ನಿಮ್ಮ ಟ್ರಂಕು ಯಾವುದನ್ನೂ ಮುಟ್ಟಲಿಲ್ಲ. ಗೋಡೆಗೆ ಬಣ್ಣ ಹೊಡೆಸಿದ್ದೇನೆ. ಹೊಸ ಮಂಚ ತಂದಿದ್ದೇವೆ.

ನಿಮ್ಮನ್ನು ಕೇಳದೆ ಮಾಡಿದೆ, ನಿಜ. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ. ಇದು ಕಾರಣವೋ ನೆಪವೋ ಎಂದು ನಾನೂ ಯೋಚಿಸುತ್ತಿದ್ದೇನೆ. ಆದರೆ ಆರು ವರ್ಷ ಆ ವಾಸನೆಯಲ್ಲಿ ನಾನು ಹೇಗಿದ್ದೆ ಎಂದು ಯಾರೂ ಯೋಚಿಸಲಿಲ್ಲ.

ವಾಪಸು ಬನ್ನಿ.

ನಿಮ್ಮ ಸೊಸೆ,
ಪೂರ್ಣಿಮಾ


ಭಟ್ಕಳ
೧೯ ಡಿಸೆಂಬರ್ ೨೦೨೪

ಪೂರ್ಣಿಮಾ,

ಅವ್ವಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಒಂದು ಅಕ್ಷರ ಮೆತ್ತಗೆ ಮಾಡಿದರೆ ನನಗೆ ಬೈಗುಳ. — ಗಣಪಿ

ಏ ಪೂರ್ಣಿಮಾ, ನಿನ್ನ ಕಾಗ್ದ ಗಣಪಿ ಎರಡು ಸಲ ಓದಿದ್ಲು. ಮೊದಲ್ನೇ ಸಲ ಕಿವಿಗೆ ಸರಿ ಬೀಳ್ಲಿಲ್ಲ. ಎರಡನೇ ಸಲ ಬಿತ್ತು, ನಂಬೂಕಾಗ್ಲಿಲ್ಲ.

ಎಣ್ಣೆಡಬ್ಬಿ ಹೋತಾ, ಹೋಗ್ಲಿ. ಕೊಡೆಕಡ್ಡಿ ಹೋತಾ, ಹೋಗ್ಲಿ. ರೇನ್‌ಕೋಟು ಇಲಿಗೇ ಆತು, ಅವ ಇದ್ದಾಗ್ಲೂ ಅದ್ರೊಳ್ಗೆ ನೀರು ಬರ್ತಿತ್ತು. ಒಣಮೀನು ನಾತ ಹೇಳಿ ಎಸ್ದೆ ಅಲ್ಲ, ಮಳೆಗಾಲ್ದಲ್ಲಿ ಎರಡೆರಡು ಸಲ ಹಾಕಿಸ್ಕಂಡು ತಿಂದದ್ದು ಅದೇ ಡಬ್ಬಿದು. ಆವಾಗ ನಾತ ಎಲ್ಲಿ ಹೋಗಿತ್ತು ಮಾರಾಯ್ತಿ?

ಈ ಎಲ್ಲಾ ಬಿಟ್ಟೆ. ಆದ್ರೆ ಹರ್ದ ಬಲೆ ಒಂದು ಹೇಳಿ ಬರ್ದೀಯಲ್ಲ. ಅದು ಹರ್ದದ್ದು ಹೇಳಿ ಯಾರು ಹೇಳಿದ್ರು ನಿಂಗೆ? ಅದು ಹೆಣೀತಾ ಇದ್ದ ಬಲೆ. ಬೀಸುಬಲೆ ಮೇಲಿಂದ ಶುರು ಮಾಡಿ ಸುತ್ತು ಸುತ್ತು ಕೆಳ್ಗೆ ಇಳಿಸ್ತಾ ಹೋಗೂದು. ಮುಗಿಯೂ ತನಕ ಅಂಚು ಜೋಲಾಡ್ತಾ ಇರ್ತದೆ. ಹರ್ದ ಬಲೆಗೆ ತೂತು ನಡೂಗೆ ಇರ್ತದೆ. ಮೀನು ಹಿಡಿಯೋರ ಮನೆ ನಾಯಿಗೂ ಇಷ್ಟು ಗೊತ್ತು. ನಿನ್ನ ಅಜ್ಜ ನಮ್ಮ ತದಡಿ ಬಂದರದಲ್ಲಿ ಬಲೆ ಹೆಣ್ದೇ ಸತ್ತವ. ಅವ್ನ ಮೊಮ್ಮಗ್ಳು ನೀನು. ಹುಬ್ಬಳ್ಳಿ ಶಾಲೇಲಿ ಇಂಗ್ಲೀಷ್ ಒಂದ್ ಕಲಿಸಿದ್ರು, ಇದ್ನ ಕಲಿಸ್ಲಿಲ್ಲ ಕಾಣ್ತದೆ.

ಆ ಬಲೆ ಶುರು ಮಾಡ್ದವ ನಿನ್ನ ಮಾವ. ಒಂದೂವರೆ ಮೊಳ ಆಗೂದ್ರೊಳ್ಗೆ ಕಾಮಾಲೆ ಆಗಿ ಹೋದ. ಅಲ್ಲಿಂದ ಮುಂದೆ ನಾ ಹೆಣೀತಾ ಇದ್ದೆ. ಅದ್ರ ಜೊತಿಗೆ ಬೆರಳುದ್ದದ ಬಿದಿರಿನ ಪಟ್ಟಿ ಒಂದಿತ್ತು, ಬಲೆ ಕಣ್ಣು ಎಲ್ಲಾ ಒಂದೇ ಅಳತೆಗೆ ಬರೂಕೆ. ಅದ್ನೂ ಕಸ ಅಂದ್ಕಂಡು ಗುಡಿಸ್ಬಿಟ್ಟೆ.

ಈಗ ಕೇಳ್ಕೊ. ಬಲೆ ತಂದ್ಕೊಡು. ಬಲೆ ನನ್ನ ಕೈಗೆ ಬಂದ ದಿನ ನಾ ಹೊನ್ನಾವರಕ್ಕೆ ಬರ್ತೆ, ನೀ ಬಣ್ಣ ಹೊಡ್ಸಿದ ರೂಮಲ್ಲಿ ಬಾಯಿ ಮುಚ್ಕಂಡು ಮಲಗ್ತೆ. ಬಲೆ ಸಿಗ್ದಿದ್ರೆ ಆ ಮನೆ ಹೊಸ್ಲು ಮೆಟ್ಟೂದಿಲ್ಲ. ನನ್ನ ಮಗ ರಾಜೇಶ ಬಂದು ಕಾಲಿಗೆ ಬಿದ್ರೂ ಇಲ್ಲ.

ಆತು, ಇಷ್ಟೇ ಬರಿ ಗಣಪಿ.

ಸುಬ್ಬಿ (ಹೆಬ್ಬೆಟ್ಟು ಹಾಕಿದ್ದಾಳೆ)

ಇನ್ನು ಇದು ನನ್ನ ಮಾತು, ಅವ್ವಿಯದ್ದಲ್ಲ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಕೇಳಬೇಕು ಎಂದು ನಿನಗೆ ಕಲಿಸಿದರಂತಲ್ಲ. ನೀನು ಕೇಳಿದ್ದು ಯಾರನ್ನು? ಬಲೆಯನ್ನೇ? — ಗಣಪಿ


ಹೊನ್ನಾವರ
೧೨ ಜನವರಿ ೨೦೨೫

ಅತ್ತೆಯವರಿಗೆ,

ಬಲೆ ಸಿಕ್ಕಿತು.

ನಾನು ಸಾಮಾನು ಕೊಟ್ಟದ್ದು ಗುಜರಿ ವ್ಯಾಪಾರದ ನಾಗಪತಿಗೆ. ಅವನ ಕುಮಟೆಯ ಗೋಡೌನಿನಲ್ಲಿ ಚೀಲಗಳ ಅಡಿಯಲ್ಲಿ ಇತ್ತು. ಮೂರು ಸಲ ಹೋಗಿ ಹುಡುಕಿಸಿದೆ. ನಿಮ್ಮ ಮಗನ ಕೈಯಲ್ಲಿ ಕಳಿಸುತ್ತಿದ್ದೇನೆ. ಸ್ವಲ್ಪ ಕೊಳೆಯಾಗಿದೆ. ಬಿದಿರಿನ ಪಟ್ಟಿ ಮಾತ್ರ ಸಿಗಲಿಲ್ಲ. ಅದೇ ಅಳತೆಯ ಹೊಸದೊಂದನ್ನು ಮಾಡಿಸಿ ಒಳಗೆ ಇಟ್ಟಿದ್ದೇನೆ.

ಹರಿದ ಬಲೆಗೂ ಹೆಣೆಯುತ್ತಿರುವ ಬಲೆಗೂ ವ್ಯತ್ಯಾಸ ಗೊತ್ತಿರಲಿಲ್ಲ. ಅದು ನನ್ನ ಅಜ್ಞಾನ, ಒಪ್ಪಿಕೊಳ್ಳುತ್ತೇನೆ. ಆದರೆ ಅದು ಅಷ್ಟು ಮುಖ್ಯವಾಗಿದ್ದರೆ ಹಾಲಿನ ಕವರಿನ ಚೀಲದ ಹಿಂದೆ ಏಕೆ ಇತ್ತು ಎಂದು ನಾನೂ ಕೇಳಬಹುದು. ಕೇಳುವುದಿಲ್ಲ.

ನೀವು ನಿಮ್ಮ ಮಾತು ಉಳಿಸಿಕೊಳ್ಳಿ. ಸಂಕ್ರಾಂತಿ ಮುಗಿದ ಮೇಲಿನ ಭಾನುವಾರ ನಿಮ್ಮ ಮಗ ಕಾರು ತರುತ್ತಾರೆ.

ಪೂರ್ಣಿಮಾ


ಭಟ್ಕಳ
೨೧ ಜನವರಿ ೨೦೨೫

ಪೂರ್ಣಿಮಾ,

ರಾಜೇಶ ಬಲೆ ತಂದಿಟ್ಟ. ಪ್ಲಾಸ್ಟಿಕ್ ಚೀಲ ನೋಡ್ದವ್ಳೇ ನಾ ಎದ್ದು ಬಂದೆ. ಗಣಪಿ ಹತ್ರ ಹೇಳ್ದೆ, ನನ್ನ ಸೀರೆ ಮಡ್ಚಿಡೇ ಹೇಳಿ. ನಿಂಗೆ ಮನ್ಸಲ್ಲೇ ಒಂದು ಒಳ್ಳೆ ಮಾತೂ ಆಡ್ಬಿಟ್ಟೆ. ಅದ್ನ ಈಗ ವಾಪಸ್ ತಕಂಡೆ.

ಬಾಗ್ಲಲ್ಲಿ ಬಿಸ್ಲಿಗೆ ಕೂತು ನೋಡ್ದೆ. ಈಗ ಕಣ್ಣು ಚೊಲೋ ಕಾಣ್ತದೆ, ಅದೇ ನಿಂಗೆ ತೊಂದ್ರೆ ಆತು. ಮೊದ್ಲು ಕೆಸರಿನ ನಾತ ಬಂತು. ಹೊಳೆ ಕೆಸರು. ಅರ್ಧ ಹೆಣ್ದ ಬಲೆ ನೀರಿಗೆ ಎಂದಾದ್ರೂ ಇಳೀತದಾ? ಸೀಸದ ಮಣಿ ಕಟ್ಟದೆ ಯಾರಾದ್ರೂ ಬಲೆ ಬೀಸ್ತ್ರಾ? ಹಳೇದು ಕಾಣ್ಲಿ ಹೇಳಿ ಕೆಸರು ಹಚ್ದೆ. ನಿಂಗೆ ಹಳೇದು ಅಂದ್ರೆ ಕೊಳೆ, ಅಷ್ಟೇ.

ಆಮೇಲೆ ಗಂಟು ನೋಡ್ದೆ. ನಿನ್ನ ಮಾವ ಎಡಗೈಯವ. ಎಡಗೈಯವ ಹಾಕಿದ ಗಂಟು ಎಡಕ್ಕೆ ಮಲಗ್ತದೆ, ನಮ್ಮದೆಲ್ಲಾ ಬಲಕ್ಕೆ. ತದಡೀಲಿ ಅವ್ನ ಬಲೆ ಹತ್ತು ಬಲೆ ನಡೂಗೆ ಹಾಕಿದ್ರೂ ನಾ ಕತ್ತಲ್ಲಿ ಹುಡ್ಕತಿದ್ದೆ. ಈ ಬಲೇಲಿ ಮೇಲಿಂದ ಕೆಳ್ಗಿನ ತನಕ ಒಂದೂ ಎಡಗೈ ಗಂಟಿಲ್ಲ.

ಯಾರು ಹೆಣ್ದದ್ದು ಹೇಳಿನೂ ಗೊತ್ತಾತು. ಇಷ್ಟು ಬಿಗಿ ಗಂಟು ಹಾಕೂದು ತದಡಿ ಕೃಷ್ಣಾನಂದ ಒಬ್ಬನೇ. ಅವ್ನ ಹತ್ರ ಆಮೇಲೆ ಮಾತಾಡ್ತೆ.

ನೀ ಬಲೆ ಎಸ್ದದ್ದು ಗೊತ್ತಿಲ್ದೆ. ಅದ್ಕೆ ಬೈದೆ, ಬೈದು ಮುಗೀತಿತ್ತು. ಇದು ಗೊತ್ತಿದ್ದು ಮಾಡ್ದದ್ದು. ಮುದುಕಿಗೆ ಕಿವಿ ಇಲ್ಲ, ಕಣ್ಣಿಲ್ಲ, ಎಂತ ಕೊಟ್ರೂ ಆತದೆ ಅಂದ್ಕಂಡೆ.

ಕಾರು ಖಾಲಿ ಬಂತು, ಖಾಲಿ ಹೋತು.

ಸುಬ್ಬಿ

ಅವ್ವಿ ಬಲೆ ನೋಡುವಾಗ ರಾಜೇಶ ಇಲ್ಲೇ ಜಗುಲಿಯಲ್ಲಿ ಕುಳಿತಿದ್ದ. ಬಡಿಸಿದ ಅನ್ನ ಮುಟ್ಟಲಿಲ್ಲ. ಅವನಿಗೂ ನೀನು ಹೇಳಿರಲಿಲ್ಲ ಎಂದು ಅವನ ಮುಖ ನೋಡಿ ತಿಳಿಯಿತು. — ಗಣಪಿ


ಹೊನ್ನಾವರ
೩ ಫೆಬ್ರವರಿ ೨೦೨೫

ಗಣಪಿ ಅತ್ತಿಗೆ,

ಇದು ನಿಮಗೆ ಮಾತ್ರ. ಅತ್ತೆಗೆ ಓದಿ ಹೇಳಬೇಡಿ.

ನಿಮ್ಮ ತಮ್ಮ ಎರಡು ವಾರದಿಂದ ನನ್ನ ಜೊತೆ ಅಕ್ಕಿ, ಗ್ಯಾಸು, ಕರೆಂಟು ಬಿಲ್ಲಿನ ಹೊರತು ಬೇರೆ ಮಾತು ಆಡಿಲ್ಲ. ನಾನು ಮಾಡಿದ್ದು ತಪ್ಪು. ಅದರ ಲೆಕ್ಕ ನಾನು ಕೊಡುತ್ತೇನೆ. ಆದರೆ ನೀವು ಈ ಕಾಗದಗಳನ್ನು ಬರೆಯುವಾಗ ನಿಮ್ಮ ಕೈ ಎಷ್ಟು ಸಂತೋಷದಿಂದ ಓಡಿದೆ ಎಂಬುದು ಅಕ್ಷರ ನೋಡಿದರೆ ತಿಳಿಯುತ್ತದೆ.

ಮಾವ ಹೋದ ಮೇಲೆ ಅತ್ತೆಯನ್ನು ಕರೆದುಕೊಂಡು ಬಂದವರು ನಾವು. ಆ ಆರು ವರ್ಷಗಳಲ್ಲಿ ನಿಮ್ಮ ಮನೆಯಲ್ಲಿ ಅವರು ಎಷ್ಟು ದಿನ ಇದ್ದರು? ನಮ್ಮ ಮನೆಯ ಹಿಂದೆ ಮೀನು ಒಣಗಿಸಿದಾಗ ಓಣಿಯ ಜನರ ಮಾತು ಕೇಳಿದವಳು ನಾನು. ಶಾಲೆಯ ಮಕ್ಕಳು ನನ್ನ ಸೀರೆಯ ವಾಸನೆ ನೋಡಿ ಮುಖ ತಿರುಗಿಸಿದ್ದನ್ನು ಸಹಿಸಿದವಳೂ ನಾನೇ. ಎರಡು ತಿಂಗಳಿಂದ ನೀವು ಅವರ ಜೊತೆ ಇದ್ದೀರಿ. ನಿಜ ಹೇಳಿ, ಹೇಗಿದೆ?

ಪೂರ್ಣಿಮಾ


ಭಟ್ಕಳ
೨ ಮಾರ್ಚ್ ೨೦೨೫

ಪೂರ್ಣಿಮಾ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದಿದ್ದೆ. ಆದರೆ ಒಂದು ವಿಷಯ ತಿಳಿಸಬೇಕು. ಅವ್ವಿ ಈಗ ಇಲ್ಲಿ ಇಲ್ಲ. ಹತ್ತು ದಿನದ ಹಿಂದೆ ತದಡಿಗೆ ಹೋದಳು. ಕೃಷ್ಣಾನಂದನ ತಾಯಿ ಅಂಬಾ ಅವಳ ಚಿಕ್ಕಂದಿನ ಗೆಳತಿ, ಅವಳ ಮನೆಯಲ್ಲೇ ಇದ್ದಾಳೆ. ನೀನು ಕಳಿಸಿದ ಸುಳ್ಳು ಬಲೆಯನ್ನು ಅವನ ಮುಖಕ್ಕೆ ಎಸೆದು ಬರುತ್ತೇನೆ ಎಂದು ಹೊರಟವಳು ಅಲ್ಲೇ ಉಳಿದುಬಿಟ್ಟಳು.

ಹೇಗಿದೆ ಎಂದು ಕೇಳಿದೆಯಲ್ಲ. ಜನವರಿ ಮುಗಿಯುವುದರೊಳಗೆ ನಮ್ಮ ಹಿತ್ತಲಿನಲ್ಲೂ ಎಣ್ಣೆಡಬ್ಬಿ ಸೇರಿತ್ತು. ಒಂದು ದಿನ ಅವಳು ದೇವಸ್ಥಾನಕ್ಕೆ ಹೋದಾಗ ನಾನು ನಾಲ್ಕು ಡಬ್ಬಿ ಗುಜರಿಗೆ ಕೊಟ್ಟೆ. ಬಂದವಳು ಎಣಿಸಿದಳು, ನನ್ನ ಮುಖ ನೋಡಿದಳು. ಮರುವಾರ ಹೋದಳು. ಇದನ್ನು ಓದಿ ನೀನು ನಗಬಹುದು. ನಗು.

ಆದರೆ ನಿನಗೂ ನನಗೂ ವ್ಯತ್ಯಾಸ ಇದೆ. ನಾನು ಬಲೆ ಎಸೆಯುತ್ತಿರಲಿಲ್ಲ. ನಿನಗೆ ಗೊತ್ತಿಲ್ಲದ್ದು ಹೇಳುತ್ತೇನೆ. ಅವ್ವಿ ಬಲಗೈಯವಳು. ಅಪ್ಪ ಬಿಟ್ಟ ಬಲೆಗೆ ಬಲಗೈ ಗಂಟು ಹಾಕಿದರೆ ಜೋಡಿಯಾಗುವುದಿಲ್ಲ ಎಂದು ಅರವತ್ತನಾಲ್ಕನೇ ವಯಸ್ಸಿನಲ್ಲಿ ಎಡಗೈಯಲ್ಲಿ ಹೆಣೆಯಲು ಕಲಿತಳು. ದಿನಕ್ಕೆ ಹತ್ತು ಗಂಟು. ಕೆಲವು ದಿನ ಅದೂ ಇಲ್ಲ. ಅಪ್ಪನದ್ದು ಒಂದೂವರೆ ಮೊಳ, ಆರು ವರ್ಷದಲ್ಲಿ ಅವಳದ್ದು ಒಂದೂವರೆ ಮೊಳ. ಎಲ್ಲ ನಿನ್ನ ಮನೆಯಲ್ಲೇ, ನೀನು ಶಾಲೆಗೆ ಹೋದ ಮೇಲೆ. ಸಂಜೆ ನೀನು ಬರುವ ಹೊತ್ತಿಗೆ ಮಡಚಿ ಹಾಲಿನ ಕವರಿನ ಹಿಂದೆ ಅಡಗಿಸಿಡುತ್ತಿದ್ದಳು. ನೆಲದಲ್ಲಿ ನೂಲಿನ ಚೂರು ಕಂಡರೆ ನೀನು ಪೊರಕೆ ಹಿಡಿದು ನಿಟ್ಟುಸಿರು ಬಿಡುತ್ತೀಯಂತೆ.

ನಿನ್ನ ಮನೆಯಲ್ಲಿ ಅವಳು ಕಳ್ಳತನದಲ್ಲಿ ಗಂಡನ ಬಲೆ ಹೆಣೆದಳು. ಅದನ್ನು ಯೋಚಿಸು.

ಗಣಪಿ


ಹೊನ್ನಾವರ
೧೬ ಮಾರ್ಚ್ ೨೦೨೫

ಅತ್ತೆಯವರಿಗೆ,

ತದಡಿಯಲ್ಲಿ ಇದನ್ನು ಯಾರು ಓದಿ ಹೇಳುತ್ತಾರೋ ಗೊತ್ತಿಲ್ಲ. ಕೃಷ್ಣಾನಂದನಾದರೆ, ಅವನ ಹೆಸರೂ ಇದರಲ್ಲಿ ಬರುತ್ತದೆ, ಅವನು ಬೇಸರಿಸಬಾರದು.

ನಿಜವಾದ ಬಲೆ ಎಲ್ಲಿದೆ ಎಂದು ನನಗೆ ಡಿಸೆಂಬರಿನಲ್ಲೇ ಗೊತ್ತಿತ್ತು. ನಿಮ್ಮ ಕಾಗದ ಬಂದ ಮರುದಿನವೇ ನಾಗಪತಿಯ ಹತ್ತಿರ ಹೋದೆ. ಅವನು, "ಬಲೆ ಎಲ್ಲಿ ಇಡೂದು ಟೀಚರೇ, ಬಂದ ದಿನವೇ ಹೋತು" ಎಂದ. ಸಂತೆಗುಳಿಯ ಬೆಳ್ಳಿ ಎಂಬುವವಳು ಕೋಳಿಗೂಡಿಗೆ ಬೇ‌ಕೆಂದು ಒಯ್ದಿದ್ದಳು. ಬಸ್ಸು ಹಿಡಿದು ಸಂತೆಗುಳಿಗೆ ಹೋದೆ. ಕೇಳುತ್ತ ಕೇಳುತ್ತ ಅವಳ ಮನೆ ಸಿಕ್ಕಿತು.

ಬಲೆ ಮೂರು ತುಂಡಾಗಿತ್ತು. ಎರಡು ತುಂಡು ಗೂಡಿನ ಪಕ್ಕಕ್ಕೆ, ಒಂದು ಮೇಲಕ್ಕೆ. ಸರಿಗೆಯಿಂದ ಗೂಟಕ್ಕೆ ಬಿಗಿದಿದ್ದಳು. ನಾನು ನಿಂತು ನೋಡುತ್ತಿದ್ದೆ. ಅವಳು ಒಳಗಿನಿಂದ ಬಂದು, "ಎಂತ ಅಕ್ಕಾ, ಕೋಳಿ ಬೇಕಾಗಿತ್ತಾ?" ಎಂದು ಕೇಳಿದಳು. ಬೇಡ ಎಂದೆ. "ಮೊಟ್ಟೆ?" ಆರು ಮೊಟ್ಟೆ ತೆಗೆದುಕೊಂಡು ಬಂದೆ. ಬಲೆಯ ಮಾತನ್ನು ಎತ್ತಲಿಲ್ಲ. ತುಂಡಾದದ್ದನ್ನು ತಂದು ನಿಮ್ಮ ಮುಂದೆ ಇಡುವ ಧೈರ್ಯವಿರಲಿಲ್ಲ.

ಆಮೇಲೆ ತದಡಿಗೆ ಹೋಗಿ ಕೃಷ್ಣಾನಂದನಿಗೆ ಮೂರು ಮೊಳ ಹೆಣೆದು ಕೊಡು, ಮುಗಿಸಬೇಡ ಎಂದೆ. "ಮುಗಿಸದ ಬಲೆ ತಕಂಡು ಎಂತ ಮಾಡ್ತ್ರಿ?" ಎಂದು ಕೇಳಿದ. ಶಾಲೆಯ ಪ್ರದರ್ಶನಕ್ಕೆ ಎಂದೆ. ಅವನು ನಂಬಿದ. ಕೆಸರು ಹಚ್ಚಿದ್ದು ನಾನು, ಶರಾವತಿಯ ದಡದಲ್ಲಿ, ಚೂಡಿದಾರದ ತೋಳು ಮಡಚಿಕೊಂಡು. ತಾರಸಿಯ ಮೇಲೆ ಒಣಗಿಸುವಾಗ ನನ್ನ ಬಗ್ಗೆಯೇ ನನಗೆ ಅಸಹ್ಯವಾಯಿತು. ಆದರೂ ಒಣಗಿಸಿದೆ.

ಏಕೆ ಹೀಗೆ ಮಾಡಿದೆ ಎಂದು ಮೂರು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಒಂದು ಉತ್ತರ ನನ್ನ ಅಪ್ಪನ ಕಡೆಯಿಂದ ಬರುತ್ತದೆ. ಅವರು ತದಡಿ ಬಿಟ್ಟು ಹುಬ್ಬಳ್ಳಿಗೆ ಕೆಲಸಕ್ಕೆ ಹೋದಾಗ ಊರಿನ ಒಂದೇ ಒಂದು ವಸ್ತುವನ್ನು ತರಲಿಲ್ಲ. ಅಜ್ಜ ಏನು ಮಾಡುತ್ತಿದ್ದರು ಎಂದು ಯಾರಾದರೂ ಕೇಳಿದರೆ ಬಂದರಿನಲ್ಲಿ ಕೆಲಸ ಎನ್ನಬೇಕಿತ್ತು. ಮೀನು ತಂದ ದಿನ ಅಮ್ಮ ಕಿಟಕಿ ಮುಚ್ಚಿ ಹುರಿಯುತ್ತಿದ್ದಳು. ಹಾಗೆ ಬೆಳೆದವಳಿಗೆ ನಿಮ್ಮ ಕೋಣೆ ಕಂಡರೆ ಆಗುತ್ತಿರಲಿಲ್ಲ. ಅದು ಗಲೀಜು ಎಂದಷ್ಟೇ ಅಲ್ಲ. ನಾನು ಯಾರ ಮೊಮ್ಮಗಳು ಎಂದು ಅದು ದಿನವೂ ಹೇಳುತ್ತಿತ್ತು. ಇದು ಸಮರ್ಥನೆಯಂತೆ ಕೇಳಿದರೆ ಬಿಟ್ಟುಬಿಡಿ.

ಇನ್ನೊಂದು ಉತ್ತರವಿದೆ, ಅದನ್ನು ಬರೆಯುವುದು ಇನ್ನೂ ಕಷ್ಟ. ನಲವತ್ತೊಂದು ಚೀಲದಲ್ಲಿ ನನ್ನ ಸಾಮಾನು ಎಷ್ಟಿತ್ತು ಎಂದು ನೆನಪಿಸಿಕೊಂಡೆ. ಒಂದು ಚೀಲ. ನನ್ನ ಕಪಾಟಿನಲ್ಲಿ ಇವತ್ತಿಗೂ ಉಡದ ಹದಿನಾಲ್ಕು ಸೀರೆ ಇವೆ, ಕಾಲೇಜಿನ ನೋಟ್‌ಬುಕ್ಕುಗಳಿವೆ. ಅವುಗಳಿಂದ ನನಗೆ ತಲೆನೋವು ಬರಲಿಲ್ಲ. ನೀವು ಭಟ್ಕಳದಲ್ಲಿದ್ದ ಆ ಮೂರು ವಾರ ಈ ಮನೆಯಲ್ಲಿ ನಾನು ಎಷ್ಟೋ ವರ್ಷಗಳ ಮೇಲೆ ಒಳ್ಳೆಯ ನಿದ್ದೆ ಮಾಡಿದೆ. ಅದು ಸಾಮಾನು ಹೋದದ್ದರಿಂದ ಬಂದ ನಿದ್ದೆ ಎಂದು ಆಗ ನಂಬಿದ್ದೆ. ನೀವು ಇಲ್ಲದ್ದರಿಂದ ಬಂದ ನಿದ್ದೆ.

ಬಲೆ ಎಸೆದದ್ದು ತಪ್ಪು, ಸುಳ್ಳು ಬಲೆ ಕಳಿಸಿದ್ದು ಅದಕ್ಕಿಂತ ದೊಡ್ಡ ತಪ್ಪು. ನೀವು ಇಲ್ಲದಾಗ ನನಗೆ ನೆಮ್ಮದಿಯಾಗಿತ್ತು ಎಂಬುದೂ ಸುಳ್ಳಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಮತ್ತೆ ಕೆಸರು ಹಚ್ಚಿದ ಹಾಗಾಗುತ್ತದೆ.

ಬೆಳ್ಳಿಯ ಮನೆ ಸಂತೆಗುಳಿಯ ಬಸ್ ಸ್ಟಾಪಿನಿಂದ ಎಡಕ್ಕೆ, ಗಿರಣಿಯ ಹಿಂದೆ. ನಾನು ಹೋಗಿ ಬಿಚ್ಚಿ ತರಲೇ, ನೀವೇ ಹೋಗುತ್ತೀರಾ? ನೀವು ಹೇಳಿದ ಹಾಗೆ ಮಾಡುತ್ತೇನೆ. ವಾಪಸು ಬನ್ನಿ ಎಂದು ಮತ್ತೆ ಬರೆಯಬೇಕೆಂದಿದ್ದೆ. ಮನಸ್ಸಿನಲ್ಲಿ ಅದು ಎಷ್ಟಿದೆ ಎಂದು ತಿಳಿಯದೆ ಬರೆಯುವುದಿಲ್ಲ.

ಪೂರ್ಣಿಮಾ


ತದಡಿ
೮ ಜೂನ್ ೨೦೨೫

ಪೂರ್ಣಿಮಾ ಟೀಚರಿಗೆ, ಕೃಷ್ಣಾನಂದನ ನಮಸ್ಕಾರ. ಶಾಲೆಯ ಪ್ರದರ್ಶನ ಎಂದು ನಂಬಿ ನಾನು ಮೂರು ಮೊಳ ಹೆಣೆದೆ, ಅದಕ್ಕೆ ಸುಬ್ಬಕ್ಕನಿಂದ ನನಗೆ ಆದ ಪೂಜೆ ಬರೆಯುವಂಥದ್ದಲ್ಲ. ಇನ್ನು ಅವರು ಹೇಳಿದ್ದು.

ಪೂರ್ಣಿಮಾ, ನಿನ್ನ ಮಾರ್ಚಿನ ಕಾಗ್ದಕ್ಕೆ ಈಗ ಉತ್ರ ಹೇಳ್ತಾ ಇದ್ದೆ. ಮುಂಚೆ ಹೇಳೂಕೆ ಬಿಡುವಿರ್ಲಿಲ್ಲ. ನಂಗೆ ಕೆಲ್ಸ ಅದೆ. ಈಗ ಮಳೆಗಾಲ, ಬೋಟೆಲ್ಲಾ ಮೇಲೆ ಬಂದು ನಿಂತದೆ, ಎರಡು ತಿಂಗ್ಳು ಸಮುದ್ರಕ್ಕೆ ಇಳಿಯೂಕಿಲ್ಲ, ಎಲ್ಲರ ಬಲೆಯೂ ರಿಪೇರಿಗೆ ಬಿದ್ದದೆ. ಹೊಸ ಕಣ್ಣು ಇದ್ದ ಮುದುಕಿ ಹೇಳಿ ನಂಗೆ ಇಲ್ಲಿ ಭಾರೀ ಮರ್ಯಾದೆ.

ಏಪ್ರಿಲಲ್ಲಿ ಸಂತೆಗುಳಿಗೆ ಹೋಗಿದ್ದೆ. ಬೆಳ್ಳಿ ಸಿಕ್ಕಿದ್ಲು. ಇದು ನನ್ನ ಗಂಡನ ಬಲೆ ಹೇಳ್ದೆ. ಅವ್ಳು ಹೆದರ್ಲಿಲ್ಲ. "ಅಮ್ಮಾ, ಬಿಚ್ಕಂಡು ಹೋಗಿ, ನಾ ಬೇಡ ಹೇಳೂದಿಲ್ಲ. ಆದ್ರೆ ಇವತ್ತು ಮುಂಗುಸಿ ಬಂದ್ರೆ ನನ್ ಕೋಳಿ ಯಾರು ಕಾಯ್ತ್ರು? ನೀವೇ ಕೂತ್ಕಣಿ" ಅಂದ್ಲು. ನಂಗೆ ನಗು ಬಂತು. ಮೇಲಿನ ತುಂಡು ಅವಂದು, ಪಕ್ಕದ್ದೆರಡು ನಂದು. ಎಲ್ಲಾ ಗಂಟೂ ಮುಟ್ಟಿ ನೋಡ್ದೆ. ಒಂದೂ ಸಡ್ಲ ಆಗಿಲ್ಲ. ಕೋಳಿ ಹದಿನೆಂಟು ಇದ್ದವು. ಬಲೆ ಅಲ್ಲೇ ಬಿಟ್ಟು ಬಂದೆ.

ಬೆಳ್ಳಿ ಮೇಲೆ ನಂಗೆ ಸಿಟ್ಟಿಲ್ಲ. ಅವ್ಳಿಗೆ ಬಲೆ ಬೇಕಾಗಿತ್ತು. ನಿಂಗೆ ಬೇಕಾದ್ದು ಖಾಲಿ ಜಾಗ.

ನಿನ್ನ ಸುಳ್ಳು ಬಲೆ ಎಂತ ಆತು ಕೇಳು. ಇವ್ನ ಮುಖಕ್ಕೆ ಎಸೀಬೇಕು ಹೇಳಿ ತಂದೆ, ಎಸ್ದೆ. ಇವ ಎತ್ಕಂಡು, "ಸುಬ್ಬಕ್ಕಾ, ಹೆಣ್ದದ್ದು ಹೆಣ್ದಾತು, ಗಂಟಿನ ಮೇಲೆ ಎಂತಕ್ಕೆ ಸಿಟ್ಟು" ಅಂದ. ಆತು ಹೇಳಿ ಕೂತೆ. ಬಲಗೈಲಿ ಹೆಣ್ದೆ, ಮೂರು ತಿಂಗ್ಳಲ್ಲಿ ಮುಗೀತು. ಮಣಿ ಕಟ್ಟಾತು. ಒಬ್ಬ ತಕಂಡು ಹೋದ, ಹೊಳೇಲಿ ಬೀಸ್ತಾ ಇದ್ದ. ಸುಳ್ಳು ಬಲೆಗೂ ಮೀನು ಬೀಳ್ತದೆ. ಆರು ವರ್ಷ ಮುಗೀದೇ ಇದ್ದದ್ದು, ಇದು ಮೂರು ತಿಂಗ್ಳು. ಎಂತಕ್ಕೆ ಹೇಳಿ ನಂಗೆ ಗೊತ್ತದೆ, ನಿಂಗೆ ಹೇಳೂದಿಲ್ಲ.

ನಾ ಹೊನ್ನಾವರಕ್ಕೆ ಬರೂದಿಲ್ಲ. ಬಲೆ ಕೈಗೆ ಬಂದ ದಿನ ಬರ್ತೆ ಅಂದಿದ್ದೆ. ಸಿಕ್ತು, ಆದ್ರೆ ನನ್ನ ಕೈಗೆ ಬರ್ಲಿಲ್ಲ, ಬೆಳ್ಳಿಗೇ ಆತು. ಹಂಗಾಗಿ ಆ ಮಾತೂ ಮುಗೀತು. ಸಿಟ್ಟು ಅದೆ, ಸಾಯೂ ತನಕ ಇರ್ತದೆ, ಅದು ಬೇರೆ. ನೀ ಬರ್ದ ಕಾಗ್ದದಲ್ಲಿ ಮಾರ್ಚಿಂದು ಒಂದೇ ಸುಳ್ಳಿಲ್ದದ್ದು. ಅದ್ಕೆ ನಾನೂ ಒಂದು ನಿಜ ಹೇಳ್ತೆ. ನಿನ್ನ ಮನೇಲಿ ಆರು ವರ್ಷ ನಂಗೂ ನಿದ್ದೆ ಇರ್ಲಿಲ್ಲ. ಲೋಟ ಇಟ್ರೆ ಸದ್ದಾತದೆ, ಕೆಮ್ಮಿದ್ರೆ ನೀ ಏಳ್ತೆ, ಹೇಳಿ. ಇಲ್ಲಿ ಅಂಬಾ ಗೊರಕೆ ಹೊಡೀತಾಳೆ, ನಾನೂ ಹೊಡೀತೆ.

ಸಾರಿ ಹೇಳೂಕೆ ಇಲ್ಲಿ ಬರ್ಬೇಡ. ಬಂದ್ರೆ ಅಂಬಾ ಚಾ ಕೊಡ್ತಾಳೆ, ನಾ ಮಾತಾಡೂದಿಲ್ಲ. ಆ ರೂಮಲ್ಲಿ ಈಗ ನೀ ಮಲ್ಗು. ಬಣ್ಣ ಹೊಡ್ಸಿ, ಮಂಚ ತಂದು, ಯಾರಿಗೆ ಇಟ್ಟದ್ದು? ಮಲ್ಗಿ, ನಿದ್ದೆ ಬಂತಾ ಇಲ್ವಾ ಹೇಳಿ ಬರಿ. ಸುಳ್ಳು ಬರೀಬೇಡ.

ಸುಬ್ಬಿ


ಹೊನ್ನಾವರ
೨೨ ಜೂನ್ ೨೦೨೫

ಅತ್ತೆಯವರಿಗೆ,

ನೀವು ಹೇಳಿದಂತೆ ಆ ಕೋಣೆಯಲ್ಲಿ ಮಲಗಿದೆ. ಎಂಟು ದಿನವಾಯಿತು.

ನಿದ್ದೆ ಬಂತು. ಮೊದಲ ದಿನ ಬರುವುದಿಲ್ಲ ಎಂದುಕೊಂಡಿದ್ದೆ, ಬಾರದಿದ್ದರೆ ಚೆನ್ನಾಗಿತ್ತು ಎಂದೂ ಅನಿಸಿತ್ತು. ಬಂತು. ಎರಡನೆಯ ದಿನವೂ ಬಂತು. ಸುಳ್ಳು ಬರೆಯಬೇಡ ಎಂದಿರಿ, ಅದಕ್ಕೆ ಇದ್ದದ್ದನ್ನೇ ಬರೆಯುತ್ತಿದ್ದೇನೆ. ಬೆಳಿಗ್ಗೆ ಎದ್ದ ಮೇಲೆ ಮಂಚದ ಮೇಲೆಯೇ ಸ್ವಲ್ಪ ಹೊತ್ತು ಕುಳಿತಿರುತ್ತೇನೆ. ಏನು ಯೋಚಿಸುತ್ತೇನೆ ಎಂದು ನಾನೂ ಹೇಳುವುದಿಲ್ಲ.

ನಿಮ್ಮ ಮಗ ಪ್ರತಿ ಭಾನುವಾರ ಎಲ್ಲಿಗೆ ಹೋಗುತ್ತಾರೆ ಎಂದು ಈಗ ನಾನು ಕೇಳುವುದಿಲ್ಲ. ಬಟ್ಟೆಯಲ್ಲಿ ಮೀನಿನ ವಾಸನೆ ಇರುತ್ತದೆ. ಒಗೆಯುತ್ತೇನೆ. ಈ ವಾರ ಅವರ ಕೈಯಲ್ಲಿ ನಿಮ್ಮ ಟ್ರಂಕು, ಆಧಾರ್ ಕಾರ್ಡು, ಪಿಂಚಣಿಯ ಪಾಸ್‌ಬುಕ್ಕು, ಕಣ್ಣಿನ ಡಾಕ್ಟರ ಚೀಟಿ, ಸೀರೆಗಳು, ದೇವರ ಫೋಟೋ ಕಳಿಸುತ್ತಿದ್ದೇನೆ. ಇನ್ನೇನಾದರೂ ಉಳಿದಿರಬಹುದೆಂದು ಅಟ್ಟದ ಮೇಲೆ, ಮಂಚದ ಅಡಿಯಲ್ಲಿ, ಬಾಗಿಲ ಸಂದಿಯಲ್ಲಿ ಹುಡುಕಿದೆ. ಒಂದು ಎಣ್ಣೆಡಬ್ಬಿ, ನೂಲಿನ ಒಂದು ಚೂರು ಸಿಕ್ಕಿದ್ದರೂ ಸಾಕಾಗಿತ್ತು. ಈ ಮನೆಯಲ್ಲಿ ನಿಮ್ಮದು ಏನೂ ಉಳಿದಿಲ್ಲ. ಮೂರು ಸಲ ನೋಡಿದೆ.

ಪೂರ್ಣಿಮಾ